ಒಂದೇ ನೀಲಿ ವಜ್ರ, ಎರಡು ವರದಿ: ವಿಟ್ಟೆಲ್ಸ್‌ಬಾಖ್ ಪ್ರಕರಣ

2008ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿಗೆ ಬಂದ ನೀಲಿ ವಜ್ರವೊಂದರ ವರದಿಯಲ್ಲಿ ಹೀಗಿತ್ತು: ತೂಕ 35.56 ಕ್ಯಾರಟ್, ಬಣ್ಣ ಫ್ಯಾನ್ಸಿ ಡೀಪ್ ಗ್ರೇಯಿಶ್ ಬ್ಲೂ, ಕ್ಲಾರಿಟಿ (ಶುದ್ಧತೆ) ವಿಎಸ್2, ಅಂದರೆ ಮಸೂರದಲ್ಲಿ ಕಾಣುವ ಸಣ್ಣ ದೋಷ. 2010ರ ಜನವರಿಯಲ್ಲಿ ಅದೇ ಹರಳು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಬರುವ ಹೊತ್ತಿಗೆ ವರದಿ ಬೇರೆಯಾಗಿತ್ತು: 31.06 ಕ್ಯಾರಟ್, ಫ್ಯಾನ್ಸಿ ಡೀಪ್ ಬ್ಲೂ, ಇಂಟರ್ನಲಿ ಫ್ಲಾಲೆಸ್ (ಐಎಫ್), ಅಂದರೆ ಒಳಗೆ ದೋಷವೇ ಇಲ್ಲ. ಎರಡೂ ಸಲ ಗ್ರೇಡ್ ಕೊಟ್ಟಿದ್ದು ರತ್ನಗಳನ್ನು ಪರೀಕ್ಷಿಸುವ ಅಮೆರಿಕದ ಜಿಐಎ ಸಂಸ್ಥೆಯೇ. ಎರಡು ವರದಿಗಳೂ ಸರಿಯೇ.

ವಜ್ರದ ಸರ್ಟಿಫಿಕೇಟ್ ಅಂದ ಕೂಡಲೇ ನಾವು ಕೇಳುವ ಕತೆಗಳಲ್ಲಿ ಒಬ್ಬ ಮೋಸಗಾರ ಇದ್ದೇ ಇರುತ್ತಾನೆ. ನಕಲಿ ಲೇಸರ್ ನಂಬರು ಕೆತ್ತಿದವನೋ, ಧಾರಾಳವಾಗಿ ಗ್ರೇಡ್ ಏರಿಸಿ ಕೊಡುವ ಲ್ಯಾಬಿನವನೋ. ಅಂಥ ಕತೆಗಳಿಂದ ಮೋಸ ಹೇಗೆ ನಡೆಯುತ್ತದೆಂದು ಗೊತ್ತಾಗುತ್ತದೆ. ವರದಿ ಹೇಗೆ ಹುಟ್ಟುತ್ತದೆಂದು ಗೊತ್ತಾಗುವುದಿಲ್ಲ. ಈ ಪ್ರಕರಣದಲ್ಲಿ ಕಳ್ಳರೇ ಇಲ್ಲ. ಹಾಗಿದ್ದೂ ಒಂದು ವರ್ಷದ ಆಚೀಚೆ ಒಂದೇ ಕಲ್ಲಿಗೆ ಎರಡು ಬಣ್ಣ, ಎರಡು ಶುದ್ಧತೆ. ಗ್ರೇಡ್ ಎನ್ನುವುದು ಕಲ್ಲಿಗೆ ಹುಟ್ಟಿನಿಂದ ಬಂದ ಗುಣವೆಂದು ನಂಬಿದವರಿಗೆ ಇದನ್ನು ತೋರಿಸಬೇಕು.

ಕಲ್ಲಿನ ಪೂರ್ವಾಪರ

ಹರಳಿನ ಹೆಸರು ವಿಟ್ಟೆಲ್ಸ್‌ಬಾಖ್, ಬವೇರಿಯಾವನ್ನು ಆಳಿದ ಮನೆತನದ ಹೆಸರು. ಹುಟ್ಟೂರು ಗೋಲ್ಕೊಂಡ ಸೀಮೆಯ ಕೊಲ್ಲೂರು ಎನ್ನುತ್ತಾರೆ. ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ; ಆಂಧ್ರದಲ್ಲಿ ಕೃಷ್ಣಾ ನದಿಯ ದಡದಲ್ಲಿದ್ದ ಗಣಿ. ಗಣಿಯಿಂದ ಮೇಲೆದ್ದ ದಿನದ ಲೆಕ್ಕಪತ್ರವೇನೂ ಉಳಿದಿಲ್ಲ. ಸ್ಪೇನಿನ ರಾಜ ತನ್ನ ಮಗಳು ಮಾರ್ಗರೀಟಾ ತೆರೇಸಾಳಿಗೆ ಬಳುವಳಿ ಕೊಟ್ಟ ಕಲ್ಲು ಇದು ಎಂಬ ಸೊಗಸಾದ ಕತೆ ಬಹಳ ಕಾಲ ಓಡಾಡುತ್ತಿತ್ತು. ಜರ್ಮನ್ ಸಂಶೋಧಕರು ದಾಖಲೆಗಳನ್ನು ಜಾಲಾಡಿ 2008ರಲ್ಲಿ ಆ ಕತೆಗೆ ಆಧಾರವಿಲ್ಲ ಎಂದು ಬರೆದರು. ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು: 1722ರಲ್ಲಿ ಆಸ್ಟ್ರಿಯಾದ ಮಾರಿಯಾ ಅಮಾಲಿಯಾ ಬವೇರಿಯಾದ ಸೊಸೆಯಾದಾಗ ಹರಳು ಆ ಮನೆತನಕ್ಕೆ ಬಂತು, ಮುಂದೆ ರಾಜ ಕಿರೀಟದ ತುದಿ ಏರಿತು. ರಾಜ್ಯ ಹೋದಮೇಲೆ 1931ರಲ್ಲಿ ಹರಾಜಿಗಿಟ್ಟರೆ ಕೊಳ್ಳುವವರೇ ಸಿಗಲಿಲ್ಲ. 1951ರಲ್ಲಿ ಸದ್ದಿಲ್ಲದೆ ಕೈಬದಲಾಯಿತು.

1960ರ ದಶಕದ ಆರಂಭದಲ್ಲಿ ಬೆಲ್ಜಿಯಮ್ಮಿನ ವಜ್ರ ವ್ಯಾಪಾರಿ ಜೋಸೆಫ್ ಕೊಮ್ಕೊಮ್ಮರ್ ಮುಂದೆ ಯಾರೋ ಹಳೆಯ ಕಟಿಂಗಿನ ನೀಲಿ ಹರಳೊಂದನ್ನು ಇಟ್ಟು, ಇದನ್ನು ಹೊಸ ರೀತಿಯಲ್ಲಿ ಕತ್ತರಿಸಬಹುದೇ ಎಂದು ಕೇಳಿದರು. ಕಲ್ಲು ಯಾವುದೆಂದು ಅವರಿಗೆ ಗುರುತು ಹತ್ತಿತು. ಸಾಣೆಯ ಚಕ್ರಕ್ಕೆ ಕೊಡಲು ಒಪ್ಪಲಿಲ್ಲ. ಬದಲಿಗೆ ಪಾಲುದಾರರನ್ನು ಕೂಡಿಸಿಕೊಂಡು ತಾವೇ ಕೊಂಡರು. ಇಂಥ ಕಲ್ಲಿಗೆ ಸಾಣೆ ಹಿಡಿಯಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿಗೆ ಮುಗಿದಂತಿತ್ತು. ಮುಗಿದಿರಲಿಲ್ಲ.

2008ರ ಡಿಸೆಂಬರ್ 10ರಂದು ಲಂಡನ್ನಿನ ವಜ್ರ ವ್ಯಾಪಾರಿ ಲಾರೆನ್ಸ್ ಗ್ರಾಫ್ ಅದನ್ನು 1 ಕೋಟಿ 64 ಲಕ್ಷ ಪೌಂಡಿಗೆ ಹಿಡಿದರು. ಅಂದಾಜು ಬೆಲೆ 90 ಲಕ್ಷದ ಆಸುಪಾಸು ಇತ್ತು. ಕೊಂಡವರು ಮೂವರು ಕುಶಲಿಗಳಿಗೆ ಕೊಟ್ಟು ಹರಳನ್ನು ಮತ್ತೆ ಕತ್ತರಿಸಿದರು, ಹೆಸರಿಗೆ ತಮ್ಮ ಹೆಸರನ್ನೂ ಜೋಡಿಸಿದರು. ಹೋದದ್ದು 4.50 ಕ್ಯಾರಟ್. ಒಂದು ಕ್ಯಾರಟ್ ಅಂದರೆ 0.2 ಗ್ರಾಂ, ಹಾಗಾಗಿ ಪುಡಿಯಾಗಿ ಹೋದದ್ದು ಒಂದು ಗ್ರಾಮಿಗೂ ಕಡಿಮೆ. ಕೊಂಡ ದರದಲ್ಲೇ ಲೆಕ್ಕ ಹಾಕಿದರೆ ಆ ಪುಡಿಯ ಬೆಲೆ 20 ಲಕ್ಷ ಪೌಂಡು ದಾಟುತ್ತದೆ. ಅಷ್ಟನ್ನು ಧೂಳು ಮಾಡಿ ಗಳಿಸಿದ್ದು ಏನು ಎಂದರೆ, ವರದಿಯ ಎರಡು ಸಾಲು.

ಬಣ್ಣದ ಸಾಲು

‘ಗ್ರೇಯಿಶ್’ ಎಂಬ ಪದ ಹೇಗೆ ಹೋಯಿತು? ಹರಳು ನೀಲಿಯಾಗಿರುವುದು ಅದರೊಳಗಿನ ಬೋರಾನ್‌ನಿಂದ. ಇಂಥವಕ್ಕೆ ಟೈಪ್ 2ಬಿ ಎಂದು ಹೆಸರು. ಬಹಳ ಅಪರೂಪ, ವಿದ್ಯುತ್ತನ್ನೂ ಹರಿಯಬಿಡುತ್ತವೆ. ಗ್ರಾಫ್ ಕಡೆಯವರು ಬೋರಾನ್ ಸೇರಿಸಲಿಲ್ಲ, ಕಾಯಿಸಲಿಲ್ಲ, ವಿಕಿರಣಕ್ಕೂ ಒಡ್ಡಲಿಲ್ಲ. ವಸ್ತು ಹಿಂದಿನದೇ. ಆದರೂ ಬೂದು ಛಾಯೆ ಕಾಗದದಿಂದ ಅಳಿಸಿಹೋಯಿತು.

ಬಣ್ಣದ ವಜ್ರಕ್ಕೂ ಬಿಳಿ ವಜ್ರಕ್ಕೂ ಲ್ಯಾಬು ನೋಡುವ ಭಂಗಿಯೇ ಬೇರೆ. ನಾವು ಸಾಮಾನ್ಯವಾಗಿ ಕೊಳ್ಳುವ ಬಿಳಿ ಹರಳಿನ ಬಣ್ಣಕ್ಕೆ, ಬಣ್ಣವೇ ಇಲ್ಲದ ಡಿ ಇಂದ ಝಡ್‌ವರೆಗಿನ ಅಳತೆ. ಅದನ್ನು ನೋಡುವಾಗ ಹರಳನ್ನು ಬೋರಲು ಹಾಕಿ, ತಳದ ಕಡೆಯಿಂದ, ಮಾದರಿ ಹರಳುಗಳ ಪಕ್ಕದಲ್ಲಿಟ್ಟು ನೋಡುತ್ತಾರೆ. ಕಟಿಂಗಿನ ಹೊಳಪು ಕಣ್ಣಿಗೆ ಮಂಕುಬೂದಿ ಎರಚದೆ ವಸ್ತುವಿನ ಬಣ್ಣವಷ್ಟೇ ಕಾಣಲಿ ಎಂದು. ಬಣ್ಣದ ವಜ್ರದಲ್ಲಿ ಇದಕ್ಕೆ ತದ್ವಿರುದ್ಧ: ಹರಳನ್ನು ಮುಖ ಮೇಲೆ ಮಾಡಿಟ್ಟು, ಹಾಕಿಕೊಂಡವರ ಬೆರಳ ಮೇಲೆ ಹೇಗೆ ಕಾಣುತ್ತದೋ ಹಾಗೆ ನೋಡುತ್ತಾರೆ. ಆಗ ಬೆಳಕು ಒಳಹೊಕ್ಕು, ತಳದ ಮುಖಗಳಿಗೆ ಬಡಿದು, ಎಷ್ಟು ದೂರ ಸುತ್ತಿ ಹೊರಬರುತ್ತದೆ ಎನ್ನುವುದೂ ಬಣ್ಣದ ಲೆಕ್ಕಕ್ಕೆ ಸೇರುತ್ತದೆ. ವಿಟ್ಟೆಲ್ಸ್‌ಬಾಖ್ ಮತ್ತೆ ಕತ್ತರಿಸುವ ಮುಂಚೆ ಅಗಲವಾದ, ತೆಳ್ಳಗಿನ ಹರಳಾಗಿತ್ತು: 24.40 ಮಿಲಿಮೀಟರ್ ಅಗಲಕ್ಕೆ 8.29 ಮಿಲಿಮೀಟರ್ ಆಳ. ತಳದ ಚೂಪು ಇರಬೇಕಾದ ಕಡೆ ದೊಡ್ಡ ಚಪ್ಪಟೆ ಮುಖ. ಬೆಳಕು ಬಂದ ದಾರಿಗೆ ಮರಳುವ ಬದಲು ಅಲ್ಲಿಂದ ಸೋರಿಹೋಗುತ್ತದೆ, ಹರಳಿನ ನಡುವೆ ಮಸುಕು ಕೂರುತ್ತದೆ. ಕಡುನೀಲಿಯ ಗಾಢತೆ ಇಳಿದರೆ ಕಣ್ಣಿಗೆ ಕಾಣುವುದು ಬೂದು. ಮುಖಗಳ ಕೋನ ತಿದ್ದಿದಾಗ ನೀಲಿ ತುಂಬಿಕೊಂಡು ಬಂತು, ಬೂದು ಹಿಂದೆ ಸರಿಯಿತು.

ಪಕ್ಕದಲ್ಲೇ ಇನ್ನೊಂದು ಕಲ್ಲನ್ನು ಇಟ್ಟು ನೋಡಬೇಕು. 45.52 ಕ್ಯಾರಟ್‌ನ ಹೋಪ್ ವಜ್ರ, ಅದೂ ನಮ್ಮ ಗೋಲ್ಕೊಂಡದ್ದೇ, 1958ರಿಂದ ಸ್ಮಿತ್ಸೋನಿಯನ್‌ನಲ್ಲಿದೆ. 1988ರಲ್ಲಿ ಜಿಐಎ ಅದಕ್ಕೆ ಕೊಟ್ಟ ಬಣ್ಣ ಫ್ಯಾನ್ಸಿ ಡಾರ್ಕ್ ಗ್ರೇಯಿಶ್ ಬ್ಲೂ. 1996ರಲ್ಲಿ ಕೊಟ್ಟದ್ದು ಫ್ಯಾನ್ಸಿ ಡೀಪ್ ಗ್ರೇಯಿಶ್ ಬ್ಲೂ. ನಡುವೆ ಬಣ್ಣಕ್ಕಾಗಿ ಯಾರೂ ಅದಕ್ಕೆ ಸಾಣೆ ಹಿಡಿದಿರಲಿಲ್ಲ. 1990ರ ದಶಕದ ನಡುವಿನಲ್ಲಿ ಜಿಐಎ ತನ್ನ ಬಣ್ಣದ ವಜ್ರಗಳ ಮಾಪನವನ್ನೇ ಪರಿಷ್ಕರಿಸಿ ‘ಡೀಪ್’ ಎಂಬ ಹೊಸ ಮೆಟ್ಟಿಲು ಸೇರಿಸಿತ್ತು. ವಿಟ್ಟೆಲ್ಸ್‌ಬಾಖ್‌ನಲ್ಲಿ ಅಳತೆಗೋಲು ನಿಂತಲ್ಲೇ ನಿಂತು ಕಲ್ಲು ಬದಲಾಯಿತು, ಹೋಪ್‌ನಲ್ಲಿ ಕಲ್ಲು ನಿಂತು ಅಳತೆಗೋಲು ಬದಲಾಯಿತು. ಕಾಗದ ಮಾತ್ರ ಎರಡೂ ಕಡೆ ಹೊಸದು. ನನ್ನ ಪ್ರಕಾರ ವರದಿಯಲ್ಲಿ ಮೊದಲು ನೋಡಬೇಕಾದದ್ದು ಮೇಲ್ಗಡೆ ಸಣ್ಣ ಅಕ್ಷರದಲ್ಲಿರುವ ತಾರೀಖು. ನಾವು ಅದನ್ನು ಬಿಟ್ಟು ನೇರ ಬಣ್ಣ, ಕ್ಲಾರಿಟಿಗೆ ಹಾರುತ್ತೇವೆ.

ಕ್ಲಾರಿಟಿಯ ಸಾಲು

ವಿಎಸ್2 ಇಂದ ಇಂಟರ್ನಲಿ ಫ್ಲಾಲೆಸ್‌ಗೆ ನಾಲ್ಕು ಮೆಟ್ಟಿಲು: ವಿಎಸ್1, ವಿವಿಎಸ್2, ವಿವಿಎಸ್1, ಆಮೇಲೆ ಐಎಫ್. ಒಳಗಿನ ಕಲೆಯನ್ನು ಹೊರಗಿನಿಂದ ಅಳಿಸಲು ಬರುವುದಿಲ್ಲ. ಹಾಗಾದರೆ ಇದು ಹೇಗೆ?

ಈ ಹರಳಿನ ಒಳಗು ಮೊದಲಿನಿಂದಲೂ ಶುದ್ಧವಾಗಿಯೇ ಇತ್ತು. ಕೆಟ್ಟಿದ್ದದ್ದು ಅಂಚು. ವಜ್ರದ ಸೊಂಟದ ಸುತ್ತ ಒಂದು ಗೆರೆ ಇರುತ್ತದೆ, ಗರ್ಡಲ್ ಎನ್ನುತ್ತಾರೆ. ಒಡವೆಯಲ್ಲಿ ಹರಳನ್ನು ಕೂರಿಸುವ ಕಟ್ಟಡ ಹಿಡಿಯುವುದು ಅಲ್ಲೇ, ಏಟು ತಿನ್ನುವುದೂ ಅಲ್ಲೇ. ಮೂರು ಶತಮಾನ ಕಿರೀಟ, ಪದಕ, ಪೆಟ್ಟಿಗೆ ಎಂದು ಓಡಾಡಿದ ಹರಳಿನ ಗರ್ಡಲ್‌ನಲ್ಲಿ ಚಕ್ಕೆ ಎದ್ದಿತ್ತು, ಜಜ್ಜಿದ ಗುರುತುಗಳಿದ್ದವು. ಹತ್ತು ಪಟ್ಟು ಹಿಗ್ಗಿಸಿ ನೋಡುವ ಮಸೂರದಲ್ಲಿ ಇವೂ ದೋಷಗಳೇ. ಅದು ಹುಟ್ಟಿನಿಂದ ಬಂದದ್ದೋ, ಯಾವುದೋ ರಾಣಿಯ ಮೈಮೇಲಿದ್ದಾಗ ಆದದ್ದೋ ಎಂದು ಕ್ಲಾರಿಟಿಯ ಒಂದು ಗ್ರೇಡು ಹೇಳುವುದಿಲ್ಲ. ಅಂಚನ್ನು ಉಜ್ಜಿದರು, ದೋಷ ಹೋಯಿತು, ಗ್ರೇಡ್ ಏರಿತು. ಹರಾಜಿಗೆ ಬರುವ ದೊಡ್ಡ ಹರಳುಗಳ ಜತೆ ‘ಸಾಣೆ ಹಿಡಿದರೆ ಐಎಫ್ ಆಗುವ ಸಾಧ್ಯತೆಯಿದೆ’ ಎಂಬ ಅರ್ಥದ ಲ್ಯಾಬ್ ಪತ್ರ ಎಷ್ಟೋ ಸಲ ಇರುತ್ತದೆ. ಆ ಪತ್ರ ಕೊಳ್ಳುವವರಿಗೆ ಒಂದು ಆಹ್ವಾನವೇ ಸರಿ.

ನಮ್ಮ ರತ್ನಪರೀಕ್ಷೆಯ ಗ್ರಂಥಗಳಲ್ಲೂ ದೋಷಗಳ ಪಟ್ಟಿ ಇದೆ: ಬಿಂದು, ರೇಖೆ, ಕಾಕಪಾದ. ಇವತ್ತಿಗೂ ಮೂಗುಬೊಟ್ಟು ಕೊಳ್ಳುವ ಅಜ್ಜಿಯರು ಕಪ್ಪು ಚುಕ್ಕಿ ಇದ್ದರೆ ಬೇಡವೇ ಬೇಡ ಎನ್ನುತ್ತಾರೆ. ಅವರಿಗೆ ದೋಷ ಹಾಕಿಕೊಂಡವರನ್ನು ಕಾಡುತ್ತದೆ. ಲ್ಯಾಬಿಗೆ ದೋಷ ಒಂದು ಗುರುತು ಅಷ್ಟೇ, ಎಲ್ಲಿದೆ, ಎಷ್ಟು ದೊಡ್ಡದು ಎಂದು ಬರೆದುಕೊಂಡು ಮುಂದೆ ಹೋಗುತ್ತದೆ.

17ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಫ್ರೆಂಚ್ ವ್ಯಾಪಾರಿ ಟವರ್ನಿಯೇ ನಮ್ಮವರ ಪದ್ಧತಿಯನ್ನು ಹತ್ತಿರದಿಂದ ನೋಡಿ ಬರೆದಿಟ್ಟಿದ್ದಾನೆ. ಬಿಜಾಪುರದಿಂದ ಎಂಟೊಂಬತ್ತು ದಿನದ ದಾರಿಯ ಗಣಿಯೊಂದರ ವಿವರದಲ್ಲಿ ಬರುವ ಮಾತುಗಳು ಇವು. ಯುರೋಪಿನವರು ಹಗಲಿನ ಬೆಳಕಿನಲ್ಲಿ ಕಲ್ಲು ನೋಡಿದರೆ ಇಲ್ಲಿಯವರು ನೋಡುವುದು ರಾತ್ರಿ. ಗೋಡೆಯಲ್ಲಿ ಒಂದಡಿ ಚೌಕದ ಗೂಡು ಕೊರೆದು, ದಪ್ಪ ಬತ್ತಿಯ ದೀಪ ಇಟ್ಟು, ಹರಳನ್ನು ಬೆರಳ ತುದಿಯಲ್ಲಿ ಹಿಡಿದು ‘ನೀರು’, ಅಂದರೆ ಅದರ ತಿಳಿ, ನೋಡುತ್ತಾರೆ. ಅಂದರೆ ಬೆಳಕನ್ನು ಒಂದೇ ತೆರನಾಗಿ ಇಟ್ಟುಕೊಳ್ಳದಿದ್ದರೆ ಎರಡು ಕಲ್ಲನ್ನು ಹೋಲಿಸಲು ಬರುವುದಿಲ್ಲ ಎಂಬುದು ಲ್ಯಾಬಿನ ದೀಪಪೆಟ್ಟಿಗೆಗಳು ಹುಟ್ಟುವ ಮುಂಚೆಯೇ ಆ ಗೂಡಿನ ಮುಂದೆ ಕೂತವರಿಗೆ ಗೊತ್ತಿತ್ತು.

ಅವನ ಇನ್ನೊಂದು ಮಾತು ಈ ಪ್ರಕರಣಕ್ಕೆ ನೇರ ತಾಗುತ್ತದೆ. ಕಲ್ಲು ಶುದ್ಧವಾಗಿದ್ದರೆ ಇಲ್ಲಿಯ ಕುಶಲಿಗಳು ಮೇಲೆ ಕೆಳಗೆ ಚಕ್ರ ತಾಗಿಸಿ ಬಿಟ್ಟುಬಿಡುತ್ತಾರೆ, ತೂಕ ಹೋದೀತೆಂಬ ಭಯಕ್ಕೆ ಆಕಾರ ಕೊಡಲು ಹೋಗುವುದಿಲ್ಲ. ಸಣ್ಣ ಕಲೆ ಇದ್ದರೆ ಅದು ಕಾಣದಂತೆ ಮುಖಗಳನ್ನು ಕೂರಿಸುತ್ತಾರೆ. ಗೋಲ್ಕೊಂಡದ ಕುಶಲಿ ತೂಕ ಉಳಿಸಲು ಹೊಳಪು ಬಿಟ್ಟ. ಗ್ರಾಫ್ ಅವರ ಕುಶಲಿಗಳು ಹೊಳಪಿಗಾಗಿ ತೂಕ ಬಿಟ್ಟರು. ಇಬ್ಬರೂ ತಮ್ಮ ಕಾಲದ ಪೇಟೆ ಯಾವುದಕ್ಕೆ ದುಡ್ಡು ಕೊಡುತ್ತದೆಂದು ಬಲ್ಲವರೇ. 1852ರಲ್ಲಿ ಲಂಡನ್ನಿನಲ್ಲಿ ಕೊಹಿನೂರನ್ನು 105.6 ಕ್ಯಾರಟ್‌ಗೆ ಇಳಿಸಿದಾಗ ಯಾವ ಲ್ಯಾಬೂ ಇರಲಿಲ್ಲ. ಹಾಗಾಗಿ ಎಲ್ಲಕ್ಕೂ ವರದಿಯನ್ನೇ ದೂರುವುದೂ ತಪ್ಪು.

ವರದಿಯಲ್ಲಿ ಇಲ್ಲದ ಸಾಲುಗಳು

ಹಳೆಯ ವಿಟ್ಟೆಲ್ಸ್‌ಬಾಖ್‌ಗೆ 82 ಮುಖಗಳಿದ್ದವು. ತಳದಲ್ಲಿ ಸೂಜಿಯಂಥ ಹದಿನಾರು ಮುಖಗಳು ಜೋಡಿಜೋಡಿಯಾಗಿ ಹೊರಗೆ ಚಾಚಿಕೊಂಡಿದ್ದವು. ಆ ಕಾಲದ ಕಟಿಂಗಿನಲ್ಲೂ ಅಪರೂಪದ ವಿನ್ಯಾಸ. ಅದನ್ನು ಮಾಡಿದ ಕೈಗೆ ವರದಿಯಲ್ಲಿ ಅಂಕವಿಲ್ಲ. ಈ ವರದಿಗಳ ಕಾಲಕ್ಕೆ ಜಿಐಎ ಕಟ್‌ಗೆ, ಅಂದರೆ ಕತ್ತರಿಸಿದ ರೀತಿಗೆ, ಗ್ರೇಡ್ ಕೊಡುತ್ತಿದ್ದದ್ದು ದುಂಡಗಿನ ಬ್ರಿಲಿಯಂಟ್ ಬಿಳಿ ಹರಳಿಗೆ, ಅದೂ 2006ರಿಂದ ಈಚೆಗೆ. ಬಣ್ಣದ ಹರಳಿಗೆ ಕಟ್ ಗ್ರೇಡ್ ಇಲ್ಲ. ಚರಿತ್ರೆಗೆ ಸಾಲಿಲ್ಲ. ಬೆಲೆಗೂ ಇಲ್ಲ: ಇದು ಮೌಲ್ಯಮಾಪನವಲ್ಲ, ಗ್ಯಾರಂಟಿಯಲ್ಲ ಎಂದು ವರದಿಯ ಷರತ್ತುಗಳಲ್ಲೇ ಬರೆದಿರುತ್ತದೆ. ಓದುವವರು ಕಡಿಮೆ.

ಹೀಗಾಗಿ ಗ್ರಾಫ್ ಮಾಡಿದ ಲೆಕ್ಕದಲ್ಲಿ ಲಾಭದ ಕಡೆ ಎರಡು ಅಧಿಕೃತ ಸಾಲುಗಳಿದ್ದವು, ನಷ್ಟದ ಕಡೆ ಬರೆಯಲು ಜಾಗವೇ ಇಲ್ಲದ ಸಂಗತಿಗಳಿದ್ದವು. ತೂಕವೊಂದೇ ಎರಡೂ ಕಡೆ ಕಾಣುವ ಅಂಕಿ. ಬರ್ಲಿನ್ನಿನ ಜರ್ಮನ್ ಐತಿಹಾಸಿಕ ಸಂಗ್ರಹಾಲಯದ ನಿರ್ದೇಶಕರಾಗಿದ್ದ ಹಾನ್ಸ್ ಒಟ್ಟೊಮೇಯರ್ ಇದನ್ನು ರೆಂಬ್ರಾಂಟ್ ಚಿತ್ರದ ಮೇಲೆ ಬಣ್ಣ ಬಳಿಯುವುದಕ್ಕೆ ಹೋಲಿಸಿ ಖಂಡಿಸಿದರು. ಏಟು ತಿಂದ ಕಲ್ಲನ್ನು ಸರಿಮಾಡಿದ್ದೇನೆ ಎಂಬುದು ಗ್ರಾಫ್ ಅವರ ವಾದ. ವ್ಯಾಪಾರಿಯಾಗಿ ಅವರ ಲೆಕ್ಕ ಸರಿಯಾಗಿಯೇ ಇತ್ತು ಎಂದು ನನಗನಿಸುತ್ತದೆ. ಆದರೆ ಬವೇರಿಯಾದ ಕಿರೀಟದ ಮೇಲಿದ್ದ ಹರಳು ಹೇಗಿತ್ತೆಂದು ನೋಡಬೇಕಾದರೆ ಇನ್ನು ಫೋಟೊ, ನಕ್ಷೆಗಳೇ ಗತಿ. ಕೊಮ್ಕೊಮ್ಮರ್ ಕಂಡದ್ದು ವರದಿಯ ಹೊರಗಿನ ಬೆಲೆಯನ್ನು. ಅದಕ್ಕೆ ತಮ್ಮ ಜೇಬಿನಿಂದ ದುಡ್ಡು ಹಾಕಿದರು ಎಂಬುದಕ್ಕೆ ನಾನು ಅವರನ್ನು ಮೆಚ್ಚುತ್ತೇನೆ.

2010ರಲ್ಲಿ ಎರಡೂ ನೀಲಿ ಕಲ್ಲುಗಳು ಒಂದೇ ಸೂರಿನಡಿ ಸೇರಿದ್ದರಿಂದ ಒಂದು ಹಳೆಯ ಜಿಜ್ಞಾಸೆ ಬಗೆಹರಿಯಿತು. ಹೋಪ್ ಮತ್ತು ವಿಟ್ಟೆಲ್ಸ್‌ಬಾಖ್ ಒಂದೇ ಕಚ್ಚಾ ಕಲ್ಲಿನ ಮಕ್ಕಳೇ? ಸ್ಮಿತ್ಸೋನಿಯನ್ ಮತ್ತು ಜಿಐಎ ವಿಜ್ಞಾನಿಗಳು ಎರಡನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷಿಸಿದರು. ಅತಿನೇರಳೆ ದೀಪ ಆರಿಸಿದ ಮೇಲೆ ಎರಡೂ ಕೆಂಡದಂಥ ಕಿತ್ತಳೆಗೆಂಪಿನಲ್ಲಿ ಹೊಳೆದವು. ಆದರೆ ಒಳಗಿನ ಬೆಳವಣಿಗೆಯ ಗುರುತುಗಳು ಕೂಡಿಬರಲಿಲ್ಲ. ಒಂದೇ ಕಲ್ಲಿನವಲ್ಲ ಎಂಬುದು ತೀರ್ಮಾನ. ಗ್ರೇಡಿಂಗ್ ವರದಿಯ ಸಾಲುಗಳನ್ನು ಎಷ್ಟು ಸಲ ಓದಿದರೂ ಈ ಉತ್ತರ ಸಿಗುತ್ತಿರಲಿಲ್ಲ.

ನಮ್ಮ ಕೌಂಟರಿನ ಮುಂದೆ

ಇದೆಲ್ಲ ಕೋಟಿಗಳ ಮಾತು ಅನ್ನಬೇಡಿ. ಸೂರತ್ತಿನ ಕಾರ್ಖಾನೆಗಳಲ್ಲಿ ಇದೇ ತೀರ್ಮಾನ ದಿನಬೆಳಗಾದರೆ ಸಣ್ಣ ಹರಳುಗಳ ಮೇಲೆ ನಡೆಯುತ್ತದೆ. ಪೇಟೆಯಲ್ಲಿ ಒಂದು ಕ್ಯಾರಟ್ ತಲುಪಿದ ಹರಳಿಗೆ ಕ್ಯಾರಟ್ ದರವೇ ಒಂದು ಮೆಟ್ಟಿಲು ಹಾರುತ್ತದೆ. ಹಾಗಾಗಿ 1.00 ಉಳಿಸಿಕೊಳ್ಳಲು ಗರ್ಡಲ್ ದಪ್ಪ ಬಿಟ್ಟು, ತಳ ಆಳ ಮಾಡಿದ ಹರಳುಗಳು ಎಷ್ಟೋ ಇವೆ. 97 ಸೆಂಟಿನ (0.97 ಕ್ಯಾರಟ್) ಒಳ್ಳೆಯ ಕಟ್‌ನ ಹರಳು ಪಕ್ಕಕ್ಕಿಟ್ಟರೆ ಅದೇ ಅಗಲವಾಗಿ ಕಂಡು, ಚೆನ್ನಾಗಿ ಹೊಳೆಯಬಹುದು. ವರದಿಯಲ್ಲಿ ಕ್ಯಾರಟ್ಟಿನ ಅಂಕಿಗಿಂತ ಮಿಲಿಮೀಟರಿನ ಅಳತೆ, ಗರ್ಡಲ್ ದಪ್ಪ, ಆಳದ ಶೇಕಡಾ ನೋಡಿ ಎಂದು ಹೇಳುವುದು ಇದಕ್ಕೇ.

ಫ್ಲೂರೊಸೆನ್ಸ್ (ಅತಿನೇರಳೆ ಬೆಳಕಿನಲ್ಲಿ ಹರಳು ಹೊಳೆಯುವ ಗುಣ) ಸಾಲಿನ ಬಗ್ಗೆಯೂ ಒಂದು ಮಾತು, ಏಕೆಂದರೆ ಇದು ನಮ್ಮ ಕಡೆಯ ವಿಶೇಷ. ದಕ್ಷಿಣದಲ್ಲಿ ‘ಬ್ಲೂ ಜಾಗರ್’ ಎಂದು ಕೇಳಿ ಕೊಳ್ಳುವ ಮನೆಗಳಿವೆ. ಓಲೆಗೆ, ಬೇಸರಿಗೆ ಅದೇ ಆಗಬೇಕು. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯಿಂದ ಬಂದ ಹೆಸರು ಅದು. ಈಗ ಆ ಹೆಸರಿನಲ್ಲಿ ಮಾರುವುದು ನೀಲಿ ಫ್ಲೂರೊಸೆನ್ಸ್ ಇರುವ ಬಿಳಿ ಹರಳುಗಳನ್ನು. ವರದಿಯಲ್ಲಿ ‘ಬ್ಲೂ ಜಾಗರ್’ ಎಂಬ ಗ್ರೇಡ್ ಇರುವುದಿಲ್ಲ. ‘ಮೀಡಿಯಂ ಬ್ಲೂ’, ‘ಸ್ಟ್ರಾಂಗ್ ಬ್ಲೂ’ ಎಂದು ಇರುತ್ತದೆ. ಬೇರೆ ಪೇಟೆಗಳಲ್ಲಿ ಇದೇ ಸಾಲಿಗೆ ಬೆಲೆ ಇಳಿಸಿ ಕೇಳುವುದುಂಟು, ನಮ್ಮಲ್ಲಿ ಏರಿಸಿ ಹೇಳುತ್ತಾರೆ. ಹೆಸರಿಗಾಗಿ ಹೆಚ್ಚು ದುಡ್ಡು ಕೊಡುವ ಮುಂಚೆ ಆ ಸಾಲು ನೋಡಿಕೊಳ್ಳಬೇಕು.

ಮತ್ತೆ ಸಾಣೆ ಹಿಡಿದ ಹರಳಿನ ಹಳೆಯ ವರದಿ ಏನಾಗುತ್ತದೆ? ಕಾಗದ ಹಾಗೇ ಉಳಿಯುತ್ತದೆ, ಅದಕ್ಕೆ ಹೊಂದುವ ಕಲ್ಲು ಎಲ್ಲೂ ಇರುವುದಿಲ್ಲ. ಗರ್ಡಲ್ ಮೇಲೆ ಕೂದಲಿಗಿಂತ ಸಣ್ಣದಾಗಿ ಕೆತ್ತಿದ ವರದಿ ನಂಬರು ಕೂಡ ಸಾಣೆಯಲ್ಲಿ ಅಳಿಸಿಹೋಗಬಹುದು. ಬಹಳ ವರ್ಷ ಹಾಕಿಕೊಂಡು ಚಕ್ಕೆ ಎದ್ದ ಹರಳಿನದೂ ಇದೇ ಕತೆ: ಐಎಫ್ ಎಂಬ ವರದಿ ಬೀರುವಿನಲ್ಲಿದ್ದರೂ ಕಲ್ಲು ಆ ಗ್ರೇಡಿನಲ್ಲಿ ಉಳಿದಿರುವುದಿಲ್ಲ.

ಹಾಗಾಗಿ ಕೊಳ್ಳುವಾಗ ಹರಳು ಇನ್ನೂ ಬಿಡಿಯಾಗಿದ್ದರೆ ಕೌಂಟರಿನಲ್ಲೇ ತೂಗಿಸಿ, ಎರಡನೇ ದಶಾಂಶದವರೆಗೂ ತಾಳೆ ನೋಡಿ. ಅಗಲ, ಆಳ ಗೇಜಿನಲ್ಲಿ ಅಳೆಸಿ. ಮಸೂರ ಕೇಳಿ ಗರ್ಡಲ್ ನಂಬರು ಓದಿ, ಅದೇ ನಂಬರನ್ನು ಲ್ಯಾಬಿನ ಜಾಲತಾಣದಲ್ಲಿ ಹಾಕಿ, ಅಲ್ಲಿ ಬರುವ ವಿವರಕ್ಕೂ ಕೈಲಿರುವ ಕಾಗದಕ್ಕೂ ಹೋಲಿಸಿ. ಉಂಗುರಕ್ಕೆ ಕಟ್ಟಿದ ಮೇಲೆ ಮಾಡಿಸಿದ ವರದಿಯಾದರೆ ತೂಕ ಅಂದಾಜಿನದು, ಬಣ್ಣ ಮತ್ತು ಕ್ಲಾರಿಟಿ ಕಟ್ಟಡ ಎಷ್ಟು ನೋಡಗೊಟ್ಟಿತೋ ಅಷ್ಟರದು. ಬಿಡಿ ಹರಳಿನ ವರದಿಗೆ ಕೊಡುವ ಬೆಲೆಯನ್ನು ಅದಕ್ಕೆ ಕೊಡಬೇಡಿ.